ನಮ್ಮ ಪಿಕಪ್ಪಿನವ

ಕಡಬ ಪೇಟೆ ದಾಟಿ ಒಳರಸ್ತೆಗೆ ಹೊರಳಿದ ಮೇಲೆ ಗಾಡಿ ತಾನಾಗಿಯೇ ಹೋಗುತ್ತಿದೆ ಎಂದು ಅವಿನ್‌ಗೆ ಅನಿಸಿತು. ಸ್ಟಿಯರಿಂಗ್ ಹಿಡಿದ ಕೈ ಅವನದೇ, ಗೇರು ಬದಲಿಸಿದ್ದೂ ಅವನೇ. ಆದರೆ ಈ ದಾರಿಯ ತಿರುವುಗಳನ್ನು ನೆನಪಿಟ್ಟುಕೊಂಡದ್ದು ಟಯರುಗಳು ಮಾತ್ರ. ತಾನು ಬೇರೆ ಯಾರದೋ ನಿದ್ದೆಯೊಳಗೆ ಕೂತು ಕಿಟಕಿಯಿಂದ ಹೊರಗೆ ನೋಡುತ್ತಿರುವ ಹಾಗೆ. ಹಳೆ ಎಲೆ ಉದುರಿಸಿಕೊಂಡ ರಬ್ಬರ್ ಮರಗಳು ತಾಮ್ರದ ಬಣ್ಣದಲ್ಲಿ ಚಿಗುರಿದ್ದವು. ಬಿಸಿಲು ಆ ಚಿಗುರುಗಳನ್ನು ಹಾದು ಇಳಿದು ರಸ್ತೆಯನ್ನೆಲ್ಲ ಹಾಲು ಹಾಕದ ಕಣ್ಣ ಚಾದ ಗ್ಲಾಸಿನ ಒಳಗಿನ ಹಾಗೆ ಮಾಡಿತ್ತು. ಕ್ಯಾಬಿನ್ನಿನ ಕೊಕ್ಕೆಯಲ್ಲಿ ಇಸ್ತ್ರಿ ಹಾಕಿದ ಬಿಳಿ ಅಂಗಿ ತೂಗುತ್ತಿತ್ತು. ಮೈಮೇಲಿದ್ದದ್ದು ಲೋಡಿಂಗಿನ ಹಳೆ ಟೀಶರ್ಟು. ಅಂಗಿ ಬೊಜ್ಜಕ್ಕೆ, ಸತ್ತವರ ಉತ್ತರಕ್ರಿಯೆಗೆ ಹೋಗುವಾಗ ಹಾಕಿಕೊಳ್ಳಬೇಕಾದದ್ದು. ಟೀಶರ್ಟು ಪಿಯಾನೋ ಹೊರಲಿಕ್ಕೆ. ಯಾವುದರಲ್ಲಿ ಗೇಟು ದಾಟುವುದು ಎಂದು ನೆಟ್ಟಣದಲ್ಲಿ ಗಾಡಿ ಹೊರಡಿಸಿದಾಗಿನಿಂದ ಯೋಚಿಸುತ್ತಿದ್ದ, ಇಂಥದ್ದನ್ನೆಲ್ಲ ಯೋಚಿಸುತ್ತಿರುವ ತನ್ನ ಮೇಲೆಯೇ ಹಲ್ಲು ಕಡಿಯುತ್ತಿದ್ದ. ಪುತ್ತೂರಿನಿಂದ ವೆಂಕಟ್ರಮಣ ಮೇಷ್ಟ್ರು ಫೋನ್ ಮಾಡಿ ಹೇಳಿದ್ದು ಇಷ್ಟೇ: "ಅವಿನ್, ನಾಳೆ ಉದಯಶಂಕರರ ಬೊಜ್ಜ. ನೀನು ಬರಲೇಬೇಕು. ಗಾಡಿ ತಗೊಂಡೇ ಬಾ, ಪಿಯಾನೋ ಸಾಗಿಸ್ಲಿಕ್ಕುಂಟು, ಆಯ್ತಾ?" ತಗೊಂಡೇ. ಇಡೀ ರಾತ್ರಿ ಆ ಒಂದು ಮಾತು ಅವನ ಕಿವಿಯಲ್ಲಿ ಮರದ ಚೂರಿನ ಹಾಗೆ ಕೂತಿತ್ತು. ಗಾಡಿ ಇಲ್ಲದೆ ಬಂದರೆ? ಬರಿಗೈಯಲ್ಲಿ, ಬಿಳಿ ಅಂಗಿಯಲ್ಲಿ, ಸತ್ತವನ ಸಂಗೀತ ಕೇಳಿದವರಲ್ಲಿ ಒಬ್ಬನಾಗಿ ಬಂದರೆ ಗೇಟಿನ ಹತ್ತಿರ ಯಾರಾದರೂ ಬನ್ನಿ ಅನ್ನುತ್ತಾರಾ?

ಗೇಟಿಗಿಂತ ಮೊದಲೇ, ಗೇರುಮರದ ನೆರಳಲ್ಲಿ ಗಾಡಿ ನಿಲ್ಲಿಸಿದ. ಫೋನು ಡ್ಯಾಶ್‌ಬೋರ್ಡಿನ ಮೇಲಿತ್ತು. ಅವತ್ತು ಸಂಜೆಯೂ ಅದು ಅಲ್ಲೇ ಇತ್ತು. ನೆಟ್ಟಣ ಸ್ಟೇಷನ್ನಿನ ಹೊರಗೆ ಸಿಮೆಂಟಿನ ಲೋಡು ಇಳಿಸುವವರಿಗೆ ಕಾಯುತ್ತ ಕೂತಿದ್ದಾಗ ಪರದೆಯ ಮೇಲೆ 'ಪಿಯಾನೋ ಸರ್' ಎಂದು ಬಂತು, ಉದಯಶಂಕರರ ನಂಬರು. ಬರಲಿ ಎಂದುಕೊಂಡ. ತಿಂಗಳುಗಳಿಂದ ಹಾಗೆಯೇ, ವಾರಕ್ಕೊಮ್ಮೆ ಬರುತ್ತಿತ್ತು, ಅವನು ಕಟ್ ಮಾಡುತ್ತಿದ್ದ. ಅವತ್ತು ಕಟ್ ಕೂಡ ಮಾಡಲಿಲ್ಲ, ಮಗುಚಿ ಹಾಕಿದ. ಮಗುಚಿದ ಫೋನು ಗುರ್ ಗುರ್ ಅನ್ನುತ್ತ ಬೆನ್ನಮೇಲೆ ಬಿದ್ದ ಜೀರುಂಡೆಯಂತೆ ಡ್ಯಾಶ್‌ಬೋರ್ಡಿನುದ್ದಕ್ಕೂ ತೆವಳಿ, ಗಾಜಿಗೆ ತಾಗಿ, ನಿಂತಿತು. ಮತ್ತೆ ಶುರುವಾಯಿತು. ಮತ್ತೆ ನಿಂತಿತು. ಅದು ತೆವಳುವುದನ್ನು ನೋಡುತ್ತ ಕೂತಿದ್ದವನಿಗೆ ಒಂದು ಬಗೆಯ ಸುಖವೇ ಆಗಿತ್ತು, ಅದು ಈಗಲೂ ನೆನಪಿದೆ. ಮರುದಿನ ಬೆಳಿಗ್ಗೆ ಸುಳ್ಯದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಸುಹೈಬ್‌ನ ಸ್ಟೇಟಸ್ಸಿನಲ್ಲಿ ಮುದುಕನ ಫೋಟೋ, ಕೆಳಗೆ ಕೈಮುಗಿದ ಚಿತ್ರ. ಯಾತಕ್ಕೆ ಫೋನ್ ಮಾಡಿದ್ದು? ಬಾ, ಹೊಸತೇನೋ ಬಾರಿಸುತ್ತೇನೆ, ಕೇಳು ಎನ್ನಲಿಕ್ಕಾ? ಅಥವಾ ಬೈಯಲಿಕ್ಕಾ? ಅಥವಾ, ಇದನ್ನು ಯೋಚಿಸಿದಾಗ ಅವನ ಕುತ್ತಿಗೆ ಬಿಸಿಯಾಗುತ್ತಿತ್ತು, ಅವತ್ತು ಪುತ್ತೂರಿನ ಸಭೆಯಲ್ಲಿ ಹಾಗೆ ಹೇಳಿದ್ದು ತಪ್ಪಾಯಿತು ಎನ್ನಲಿಕ್ಕಾ? ಅದೊಂದು ಗೊತ್ತಾಗಬೇಕು. ಬೊಜ್ಜದ ಊಟಕ್ಕಲ್ಲ, ಬಾಡಿಗೆಗೂ ಅಲ್ಲ, ಅದಕ್ಕೇ ಬಂದದ್ದು. ಕೇಳಬಹುದಾದವರು ಒಬ್ಬರೇ, ಮುದುಕನ ತಂಗಿ ಸುಂದರಿಯಕ್ಕ. ಅವನು ಟೀಶರ್ಟು ಕಳಚಿ ಬಿಳಿ ಅಂಗಿ ಹಾಕಿಕೊಂಡ, ಗಾಡಿಯನ್ನು ಹಿಮ್ಮುಖವಾಗಿ ಅಂಗಳಕ್ಕೆ ತಂದು ನಿಲ್ಲಿಸಿದ.

ಶಾಮಿಯಾನದ ಕೆಳಗೆ ನೆಂಟರು ಕಡಿಮೆ, ಕುರ್ಚಿಗಳು ಜಾಸ್ತಿ. ಮುದುಕ ಮದುವೆಯಾದವನಲ್ಲ, ಹದಿನಾಲ್ಕು ತುಂಬುವ ಮೊದಲೇ ಬೊಂಬಾಯಿಯ ಹೋಟೆಲಿಗೆ ತಟ್ಟೆ ತೊಳೆಯಲಿಕ್ಕೆ ಹೋದವನು, ಅಲ್ಲೇ ಪಿಯಾನೋ ಕಲಿತು, ಮುದುಕನಾಗಿಯೇ ವಾಪಸು ಬಂದದ್ದು. ಊರಿಗೆ ಅವನು ಅಷ್ಟೇನೂ ಗೊತ್ತಿಲ್ಲ. ಗೊತ್ತಿರುವ ಮೂವರು ಒಂದು ಮೂಲೆಯಲ್ಲಿ ಕುರ್ಚಿಗಳನ್ನು ದುಂಡಗೆ ಎಳೆದುಕೊಂಡು ಕೂತಿದ್ದರು: ಕಾಲೇಜಿನಿಂದ ರಿಟೈರಾದ ವೆಂಕಟ್ರಮಣ ಮೇಷ್ಟ್ರು, ಬ್ಯಾಂಕಿನ ಹೇಮಶ್ರೀ, ಸುಹೈಬ್. ಮೇಷ್ಟ್ರು ಮಾತಾಡುತ್ತಿದ್ದರು. ಈ ದೇಶದಲ್ಲಿ ಪಿಯಾನೋ ಮೇಲೆ ಫ್ರೀ ಜಾಝ್ ಬಾರಿಸಿದ ಮೊದಲಿಗರಲ್ಲಿ ಒಬ್ಬ ನಮ್ಮ ಕಡಬದವ, ಇದನ್ನು ನಾವು ಹೇಳದಿದ್ದರೆ ಯಾರು ಹೇಳುತ್ತಾರೆ? ಹೋಟೆಲಿನಲ್ಲಿ ಜನ ಸೂಪು ಕುಡಿಯುವಾಗ ಹಿತವಾಗಿ ಬಾರಿಸುತ್ತಿದ್ದ ಮನುಷ್ಯ ಒಂದು ದಿನ ಹಾಡನ್ನೂ ಬಿಟ್ಟ, ತಾಳವನ್ನೂ ಬಿಟ್ಟ, ಆ ಕ್ಷಣ ಕೈಗೆ ಬಂದದ್ದನ್ನೇ ಬಾರಿಸಿದ, ಕೆಲಸ ಹೋಯಿತು.

"ಅವತ್ತು ಮಂಡೆ ಬೆಚ್ಚ ಆಗಿತ್ತು ಅಂತ ನನ್ನ ಹತ್ರ ಹೇಳಿದ್ರು," ಅಂದ ಸುಹೈಬ್. "ಮ್ಯಾನೇಜರ್ ಸಂಬಳ ಕೊಡ್ಲಿಲ್ಲಂತೆ."

"ಅದು ತಮಾಷೆಗೆ ಹೇಳಿದ್ದು ಮಾರಾಯ. ಅದರ ಹಿಂದೆ ಒಂದು ತತ್ವ ಉಂಟು."

"ತತ್ವವೂ ಇರ್ಲಿ ಸರ್, ಸಂಬಳವೂ ಇರ್ಲಿ."

ಹೇಮಶ್ರೀ ನಕ್ಕು, ನಕ್ಕದ್ದಕ್ಕೆ ನಾಚಿ, ಕಣ್ಣೊರೆಸಿಕೊಂಡಳು. ಅವಿನ್ ಶಾಮಿಯಾನದ ಕಂಬದ ಹತ್ತಿರ ನಿಂತ. ಕುರ್ಚಿಗಳ ದುಂಡಿನಲ್ಲಿ ಒಂದು ಖಾಲಿ ಇತ್ತು. ಅದರ ಮೇಲೆ ಹೇಮಶ್ರೀಯ ಕೈಚೀಲ.

"ಬಂದೆಯಾ? ಒಳ್ಳೇದಾಯ್ತು," ಅಂದರು ಮೇಷ್ಟ್ರು. "ನೋಡು, ಸಂಜೆ ಪುತ್ತೂರಿನಲ್ಲಿ ನುಡಿನಮನ ಇಟ್ಟಿದ್ದೇವೆ. ಅಷ್ಟರಲ್ಲಿ ಪಿಯಾನೋ ಅಲ್ಲಿರಬೇಕು. ಇನ್ನು ಅದು ನಮ್ಮಲ್ಲಿಯೇ, ಅವರ ನೆನಪಿಗೆ. ಈಗಲೇ ಲೋಡು ಮಾಡಿಬಿಡು, ಆ ಕೋಣೆ ಮನೆಯವರಿಗೆ ಬೇಕಂತೆ." ಆಮೇಲೆ ಅವನ ಅಂಗಿ ನೋಡಿ, "ಅಯ್ಯೋ, ಬಿಳಿ ಯಾಕೆ ಹಾಕಿದೆ? ಕೊಳೆಯಾಗ್ತದಲ್ಲ," ಅಂದರು. ಆ ದನಿಯಲ್ಲಿ ನಿಜವಾದ ಕಾಳಜಿ ಇತ್ತು. ಇವರ ಕಾಳಜಿಯಷ್ಟು ಕೆಟ್ಟದ್ದು ಬೇರೆ ಇಲ್ಲ.

ಕೋಣೆಯ ಕಾವಿ ನೆಲ, ಮುಚ್ಚಿದ ಕಿಟಕಿ, ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತ ಪಿಯಾನೋ. ಮಂಗಳೂರಿನ ಗುಜರಿಯವನೊಬ್ಬನ ಶೆಡ್ಡಿನಿಂದ ಅದನ್ನು ಇಲ್ಲಿಗೆ ತಂದದ್ದೂ ಅವಿನ್ನೇ. ಅವತ್ತು ಇಳಿಸಲಿಕ್ಕೆ ಜನ ಬರುವುದು ತಡವಾಯಿತು. ಮುದುಕನಿಗೆ ತಾಳ್ಮೆ ಇಲ್ಲ. ಲುಂಗಿ ಮೇಲೆ ಕಟ್ಟಿ ಗಾಡಿಯ ಹಿಂದೆ ಹತ್ತಿ, ಸ್ಟೆಪ್ನಿ ಟಯರಿನ ಮೇಲೆ ಕೂತು, ಹಗ್ಗ ಬಿಚ್ಚದ ಪಿಯಾನೋದ ಮುಚ್ಚಳ ತೆರೆದ. ತುಂಬ ಹೊತ್ತು ಕೈ ತೊಡೆಯ ಮೇಲಿತ್ತು. ಆಮೇಲೆ ಬಾರಿಸಿದ. ಇದನ್ನು ಒಡೆಯುತ್ತಿದ್ದಾನೆ ಎಂದೇ ಅವಿನ್ ಮೊದಲು ಅಂದುಕೊಂಡದ್ದು. ಮುಂಗೈ, ಮೊಣಕೈ, ಅಂಗೈಯ ಬದಿ. ಒಂದು ರಾಶಿ ತಟ್ಟೆ ಜಾರಿ ಬಿದ್ದ ಹಾಗೆ, ಬಿದ್ದ ತಟ್ಟೆಗಳಲ್ಲಿ ಒಂದು ಮಾತ್ರ ಒಡೆಯದೆ ನೆಲದ ಮೇಲೆ ತಿರುಗುತ್ತ ತಿರುಗುತ್ತ ಸಣ್ಣದಾಗುವ ಹಾಗೆ. ಗಾಡಿಯ ಸ್ಪ್ರಿಂಗುಗಳು ಅಡಿಯಿಂದ ಅದುರಿದವು. ಡ್ರೈವರ್ ಸೀಟಿನಲ್ಲಿ ಕೂತವನ ಬೆನ್ನಿಗೆ ಅದು ಸೀಟಿನ ಮೂಲಕವೇ ಬಂತು, ಕಿವಿಗಿಂತ ಮೊದಲು ಬೆನ್ನಿಗೆ. ಹಿಂದೆ ಶಾಲೆಯ ವಾರ್ಷಿಕೋತ್ಸವದ ದಿನ ಬೆಂಚುಗಳನ್ನೆಲ್ಲ ಹೊತ್ತು ಸಾಲಾಗಿ ಇಟ್ಟವನು ಅವಿನ್. ಸಂಜೆ ಯೂನಿಫಾರ್ಮಿಲ್ಲ ಎಂದು ಅವನನ್ನೇ ಹೊರಗೆ ನಿಲ್ಲಿಸಿದ್ದರು, ತಾನು ಇಟ್ಟ ಬೆಂಚುಗಳ ಮೇಲೆ ಎಲ್ಲರೂ ಕೂತದ್ದನ್ನು ಕಿಟಕಿಯ ಸರಳುಗಳ ನಡುವಿನಿಂದ ನೋಡಿದ್ದ. ಮರುದಿನದಿಂದ ಶಾಲೆಗೇ ಹೋಗಲಿಲ್ಲ, ಒಂಬತ್ತನೇ ಕ್ಲಾಸು ಅಲ್ಲಿಗೆ ಮುಗಿಯಿತು. ಅವತ್ತಿನಿಂದ ಅವನ ಒಳಗೆ ಮುಷ್ಟಿಯಂತೆ ಮುಚ್ಚಿಕೊಂಡೇ ಇದ್ದದ್ದಕ್ಕೆ ಇಷ್ಟೊಂದು ಬೆರಳುಗಳುಂಟು, ಅವನ್ನು ಒಂದೊಂದಾಗಿ ಬಿಡಿಸಬಹುದು ಎಂದು ಸ್ಟೆಪ್ನಿ ಮೇಲೆ ಕೂತ ಈ ಮುದುಕ ತೋರಿಸುತ್ತಿದ್ದ. ಬಾರಿಸಿ ಮುಗಿದ ಮೇಲೆ ಅವನು ಹಿಂದಿನ ಗಾಜಿನಿಂದ ಬಗ್ಗಿ ನೋಡಿ ಕೇಳಿದ, "ಹೆದರಿದೆಯಾ?" "ಇಲ್ಲ," ಅಂದ ಅವಿನ್. "ನಾನು ಹೆದರಿದೆ," ಅಂದ ಮುದುಕ.

ಆ ಮೇಲಿಂದ ಈ ಕೋಣೆಯ ಹೊಸ್ತಿಲಿನ ಮೇಲೆ ಎಷ್ಟು ಸಂಜೆಗಳು. ಕೇಳಲಿಕ್ಕೆಂದು ಬಂದವನು ಕೆಲವೊಮ್ಮೆ ಕೇಳುತ್ತಲೂ ಇರಲಿಲ್ಲ, ಸುಮ್ಮನೆ ಇರುತ್ತಿದ್ದ. ಮೇಷ್ಟ್ರ ಹಾಗೆ ಕಣ್ಣು ಮುಚ್ಚಿ ತಲೆ ಆಡಿಸಲಿಕ್ಕೆ ಅವನಿಗೆ ಬರುತ್ತಿರಲಿಲ್ಲ. ಈಗ ಪಿಯಾನೋಕ್ಕೆ ಹಾಸಿಗೆ ಸುತ್ತಿ ಹಗ್ಗ ಬಿಗಿಯುವಾಗ, ಹಲಗೆಗಳ ಮೇಲೆ ಅದನ್ನು ಮೆಲ್ಲನೆ ಜಾರಿಸುವಾಗ, ಪಕ್ಕದ ಮನೆಯ ಕೂಸಪ್ಪಣ್ಣ ಒಂದು ಬದಿ, ಸುಹೈಬ್ ಒಂದು ಬದಿ, "ಹೋಯ್, ಎತ್ತು, ಎತ್ತು, ಕಾಲು ಜಾಗ್ರತೆ" ಅನ್ನುವಾಗ, ಪೆಟ್ಟಿಗೆಯ ಒಳಗಿನಿಂದ ತಂತಿಗಳೆಲ್ಲ ಒಟ್ಟಿಗೆ ಒಂದು ನಿಟ್ಟುಸಿರು ಬಿಟ್ಟವು. ಹೇಮಶ್ರೀ ಎದೆಯ ಮೇಲೆ ಕೈ ಇಟ್ಟುಕೊಂಡಳು. ಅವಿನ್‌ನ ಕಣ್ಣೆದುರು ಪುತ್ತೂರಿನ ಸಭಾಭವನ ಬಂತು, ತಿಂಗಳುಗಳ ಹಿಂದೆ ಅಲ್ಲಿ ನಡೆದ ಮುದುಕನ ಕಛೇರಿ. ಅವತ್ತೂ ಹೊಸ ಅಂಗಿ. ಪಿಯಾನೋ ಇಳಿಸಿ, ಟಾಯ್ಲೆಟ್ಟಿನಲ್ಲಿ ಮುಖ ತೊಳೆದು, ಅಂಗಿ ಬದಲಿಸಿ ಬರುವಾಗ ಮುಂದಿನ ಸಾಲು ತುಂಬಿತ್ತು, ಹಿಂದೆ ಗೋಡೆಗೆ ಒರಗಿ ನಿಂತ. ಚಿಂತೆಯಿಲ್ಲ, ಅವನಿಗೆ ನಿಂತು ಕೇಳಿ ಗೊತ್ತು. ಕೊನೆಯಲ್ಲಿ ಮುದುಕ ಮೈಕು ಹಿಡಿದ. ತನ್ನ ಸಂಗೀತವನ್ನು ಕೇಳುವ ನಾಲ್ಕು ಜನ ಈ ಸೀಮೆಯಲ್ಲಿದ್ದಾರೆ ಎಂದ. ಅವಿನ್ ಗೋಡೆಯಿಂದ ಬೆನ್ನು ಸರಿಸಿ ನೆಟ್ಟಗೆ ನಿಂತ. ವೆಂಕಟ್ರಮಣ ಮೇಷ್ಟ್ರು, ದೊಡ್ಡ ವಿದ್ವಾಂಸರು. ಹೇಮಶ್ರೀ, ಚೆನ್ನಾಗಿ ಬರೆಯುತ್ತಾಳೆ. ಸುಹೈಬ್, ಎಲ್ಲವನ್ನೂ ರೆಕಾರ್ಡ್ ಮಾಡಿಟ್ಟಿದ್ದಾನೆ. "ಮತ್ತೆ ಅಲ್ಲಿ ಹಿಂದೆ ನಿಂತವ ಅವಿನ್, ನಮ್ಮ ಪಿಕಪ್ಪಿನವ. ಅವ ಇಲ್ಲದಿದ್ರೆ ನಾನಿಲ್ಲ." ಜನ ತಿರುಗಿ ನೋಡಿದರು. ನಕ್ಕರು. ಚಪ್ಪಾಳೆ ತಟ್ಟಿದರು, ಅಡುಗೆಯವರಿಗೂ ಶಾಮಿಯಾನದವರಿಗೂ ತಟ್ಟುವ ಚಪ್ಪಾಳೆ. ನಗುತ್ತಲೇ ಕೈ ಎತ್ತಿದ್ದ ಅವಿನ್. ಆ ನಗು ಇವತ್ತಿನವರೆಗೂ ಅವನ ಮುಖದಿಂದ ಪೂರ್ತಿ ಇಳಿದಿಲ್ಲ, ಒಣಗಿದ ಗೋಂದಿನ ಹಾಗೆ ಎಳೆಯುತ್ತದೆ.

ಪಿಯಾನೋ ಗಾಡಿ ಏರಿತು. ಅಂಗಿಯ ತೋಳಿನಲ್ಲಿ ಕಪ್ಪು ಗ್ರೀಸಿನ ಗೆರೆ. ಸುಂದರಿಯಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಕುರ್ಚಿಗಳ ದುಂಡಿನ ಎದುರು ನಿಂತರು. ಎಪ್ಪತ್ತರ ಹತ್ತಿರದ ಹೆಂಗಸು, ಗಂಟಲು ಮಾತ್ರ ಹೊಲದ ಆಚೆಗೂ ಕೇಳುವಂಥದ್ದು.

"ಮೇಷ್ಟ್ರೇ, ಈಗ ಕುಲೆಗೆ ಬಡಿಸಬೇಕು. ಸತ್ತವನಿಗೆ ಒಳಗೆ ಎಲೆ ಹಾಕಿ, ಅವನಿಗೆ ಇಷ್ಟದ್ದೆಲ್ಲ ಇಟ್ಟು, ಕರೆದು, ಬಾಗಿಲು ಹಾಕುದು. ಅವ ಉಂಡ ಮೇಲೆ ನಮಗೆ. ನಾನು ಅವನ ಸಣ್ಣಂದಿನದ್ದು ಬಲ್ಲೆ, ಬಂಗುಡೆ ಪುಳಿಮುಂಚಿ ಮಾಡಿದ್ದೇನೆ. ಬೊಂಬಾಯಿಯಲ್ಲಿ ಎಂತ ಇಷ್ಟ ಪಡ್ತಿದ್ದ? ನೀವೆಲ್ಲ ಅವನ ಅಭಿಮಾನಿಗಳಲ್ವಾ, ಹೇಳಿ."

ಮುದುಕ ಯಾವ ಇಸವಿಯಲ್ಲಿ ಯಾವ ಊರಲ್ಲಿ ಏನು ಬಾರಿಸಿದ ಎಂದು ಕೇಳಿದ್ದರೆ ಮೇಷ್ಟ್ರು ಊಟ ಬಿಟ್ಟು ಹೇಳುತ್ತಿದ್ದರು. "ಅವರಿಗೆ ಊಟದ ಕಡೆ ಅಷ್ಟು ಗಮನ ಇರಲಿಲ್ಲ ಅಲ್ಲವೇ?" ಅಂದರು ಕೊನೆಗೆ.

"ಗಮನ ಇಲ್ಲದವ ದಿನಾ ಮೀನು ಬಂತಾ ಮೀನು ಬಂತಾ ಅಂತ ನನ್ನ ತಲೆ ತಿಂತಿದ್ದನಾ?"

"ಬನ್ಸ್?" ಅಂದ ಸುಹೈಬ್ ಮೆಲ್ಲಗೆ. "ಒಮ್ಮೆ ನಮ್ಮ ಅಂಗಡಿಗೆ ಬಂದಾಗ ಬನ್ಸ್ ತಿಂದಿದ್ರು."

"ನೀನು ಕೊಟ್ಟದ್ದಕ್ಕೆ ತಿಂದದ್ದು, ಇಷ್ಟಕ್ಕಲ್ಲ. ಸಾವು ಮಾರಾಯ, ಒಬ್ಬರಿಗೂ ಗೊತ್ತಿಲ್ಲ!" ಸುಂದರಿಯಕ್ಕ ಅವಿನ್‌ನ ಕಡೆ ತಿರುಗಿದರು. ಅವನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದು ಒಂದು ಕ್ಷಣ ಅವನಿಗೆ ಹೆಮ್ಮೆಯ ಹಾಗೆ ಅನಿಸಿತು, ಈ ವಿಷಯದಲ್ಲಾದರೂ ಅವನು ಆ ಮೂವರಿಗೆ ಸಮ. ಮರುಕ್ಷಣವೇ ಅದು ಹೇಸಿಗೆಯಾಯಿತು. "ನೀನು ಬಾ," ಅಂದರು ಅವರು. "ಬಡಿಸ್ಲಿಕ್ಕೆ ಮನೆಯ ಗಂಡಸು ಯಾರೂ ಇಲ್ಲ. ನಮ್ಮ ತಮ್ಮನ ಮಕ್ಕಳು ಬೊಂಬಾಯಿಯಿಂದ ಬರ್ಲಿಲ್ಲ. ನೀನು ಬಡಿಸು."

"ನಾನಾ? ನಾನು ಎಂತ ಆಗ್ಬೇಕು ಅವರಿಗೆ? ಮೇಷ್ಟ್ರಿದ್ದಾರಲ್ಲ."

"ಮೇಷ್ಟ್ರು ಮೀನು ಮುಟ್ಟುವವರಲ್ಲ. ಬಾ ಸುಮ್ಮನೆ."

ಅಡುಗೆಮನೆಯಲ್ಲಿ ಹೊಗೆ ಕಣ್ಣಿಗೆ ಹತ್ತಿತು. ಸುಂದರಿಯಕ್ಕ ಒಂದೊಂದೇ ಪಾತ್ರೆ ಅವನ ಕೈಗೆ ಕೊಡುತ್ತ ಹೋದರು, ಅವನು ಒಳಬಾಗಿಲಿನಿಂದ ಖಾಲಿ ಕೋಣೆಗೆ ಹೋಗಿ ಎಲೆಯ ಮೇಲೆ ಇಡುತ್ತ ಬಂದ. ಅನ್ನ. ಮೀನು. ಮಡಕೆಯಲ್ಲಿ ಕಳ್ಳು. ಅವರೇ ಹೇಳಿಕೊಟ್ಟರು: ಎಲ್ಲ ಇಟ್ಟ ಮೇಲೆ ಹೆಸರು ಹಿಡಿದಲ್ಲ, ಸಂಬಂಧ ಹಿಡಿದು ಕರೆಯಬೇಕು, ಬನ್ನಿ, ಉಣ್ಣಿ ಅಂತ. ಮತ್ತೆ ಒಳಬಾಗಿಲು ಎಳೆದುಕೊಂಡು, ಬಾವಿಯ ಬದಿಯಿಂದ ಸುತ್ತಿ ಅಂಗಳಕ್ಕೆ ಬರಬೇಕು. ಒಳಗೆ ಯಾರೂ ಇರಬಾರದು, ಇಣುಕಬಾರದು. ಸ್ವಲ್ಪ ಹೊತ್ತು ಬಿಟ್ಟು ಅವರು ಅಂಗಳದ ಬಾಗಿಲು ತಟ್ಟಿ ತೆರೆಯುತ್ತಾರೆ.

"ನಾನು ಅವರನ್ನು ಸರ್ ಅಂತಲೇ ಕರೀತಿದ್ದದ್ದು," ಅಂದ ಅವಿನ್.

"ಸರ್ ಅಂತ ಕರೆದ್ರೆ ಯಾವ ಕುಲೆ ಬರ್ತದೆ? ಅವ ಎಂತ ನಿನ್ನ ಹೆಡ್ಮಾಸ್ಟ್ರಾ? ಮಾವ ಅನ್ನು, ಅಜ್ಜ ಅನ್ನು, ಬಾಯಿಗೆ ಬಂದದ್ದು ಅನ್ನು."

ಈಗ ಕೇಳದಿದ್ದರೆ ಇನ್ನೆಂದೂ ಆಗುವುದಿಲ್ಲ. ಕೊನೆಯ ಪಾತ್ರೆ ಇಬ್ಬರ ಕೈಯಲ್ಲೂ ಇತ್ತು. "ಸುಂದರಿಯಕ್ಕ, ಅವತ್ತು ಸಂಜೆ ಸರ್ ನನಗೆ ಫೋನ್ ಮಾಡಿದ್ರು. ಎಂತಕ್ಕೆ ಅಂತ ನಿಮಗೆ ಗೊತ್ತುಂಟಾ?"

ಅವರು ಪಾತ್ರೆ ಬಿಡಲಿಲ್ಲ. "ಅವ ಅಲ್ಲ, ನಾನು ಮಾಡಿದ್ದು. ಅವನ ಫೋನಿಂದ. ಎದೆ ಹಿಡ್ಕೊಂಡು ಕೂತಿದ್ದ. ಆಂಬುಲೆನ್ಸಿಗೆ ಹೇಳ್ತೇನೆ ಅಂದ್ರೆ ಬೇಡ, ಅದರ ಶಬ್ದ ಬೇಡ ನನಗೆ, ಅವಿನ್‌ನ ಕರಿ, ಅವ ಬರ್ತಾನೆ ಅಂದ. ನೀನು ಎತ್ತಲಿಲ್ಲ. ಇನ್ನೊಮ್ಮೆ ಮಾಡು, ಡ್ರೈವ್ ಮಾಡ್ತಿರಬಹುದು ಅಂದ. ಮಾಡಿದೆ. ಮತ್ತೆ ಜಗಲಿಯಲ್ಲಿ ಗೇಟಿನ ಕಡೆ ಮುಖ ಮಾಡಿ ಕೂತ. ನೋಡಿದ್ರೆ ವಾಪಸು ಮಾಡ್ತಾನೆ, ಬರ್ತಾನೆ ಅಂತ." ಒಲೆಯ ಕಡೆ ನೋಡುತ್ತ, ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಹೇಳಿದರು. "ಕೊನೆಗೆ ಕೂಸಪ್ಪನ ಜೀಪು ತರಿಸಿದೆ. ಆಲಂಕಾರು ದಾಟುವಾಗ ಹೋದ. ನೀನು ಬಂದಿದ್ರೂ ಉಳೀತಿದ್ದನಾ ಇಲ್ವಾ ದೇವರಿಗೇ ಗೊತ್ತು. ನಿನಗೆ ಸಿಟ್ಟು ಬಂದಿದೆ ಅಂತ ಹೇಳ್ತಿದ್ದ, ಎಂತಕ್ಕೆ ಅಂತ ಅವನಿಗೆ ಗೊತ್ತೇ ಆಗ್ಲಿಲ್ಲ ಮಾರಾಯ. ನನ್ನತ್ರ ಕೇಳಿದ. ನನಗೆಂತ ಗೊತ್ತು? ಹಿಡ್ಕೋ, ತಣಿತದೆ." ಪಾತ್ರೆ ಬಿಟ್ಟು, ಕೈ ಒರೆಸಿಕೊಂಡು, ಅಂಗಳಕ್ಕೆ ನಡೆದರು.

ಅವನು ಕೋಣೆಯೊಳಗೆ ಬಂದು ಪಾತ್ರೆ ಇಳಿಸಿದ. ಒಳಬಾಗಿಲು ಎಳೆದ, ಆದರೆ ಎಳೆದಾಗ ಅವನು ಕೋಣೆಯ ಒಳಗೇ ಇದ್ದ. ಹೊರಟಿದ್ದೆ ಎಂದೇ ಅವನಿಗೆ ಒಂದು ಗಳಿಗೆ ಅನಿಸಿತ್ತು, ಬಾವಿಯ ಬದಿಯಿಂದ ಸುತ್ತಿ ಬರುತ್ತಿರುವ ತನ್ನ ಹೆಜ್ಜೆಗಳು ಕೂಡ ಕೇಳಿಸಿದವು. ಕಣ್ಣು ಕತ್ತಲೆಗೆ ಹೊಂದಿತು. ನೆಲದ ಮೇಲೆ ಪಿಯಾನೋ ನಿಂತಿದ್ದ ಜಾಗ ಮಾತ್ರ ಉಜ್ಜಿದ ಹಾಗೆ ಹೊಳೆಯುತ್ತಿತ್ತು, ಅಲ್ಲಿ ಕಾವಿ ಹಾಕಿದ ದಿನದ ಕೆಂಪು ಇನ್ನೂ ಹಾಗೆಯೇ. ಎಲೆ ಆ ಕೆಂಪಿನ ಅಂಚಿನಲ್ಲಿತ್ತು. ಬಾಗಿಲಿನಾಚೆ ಜನ ಬಂದು ನಿಲ್ಲುವ ಸದ್ದು: ಮೇಷ್ಟ್ರ ಕೆಮ್ಮು, ಹೇಮಶ್ರೀಯ ಬಳೆ, ಕುರ್ಚಿಯೊಂದರ ಕಾಲು ಅಂಗಳದ ಮಣ್ಣಿನಲ್ಲಿ ಎಳೆದದ್ದು, ಆಮೇಲೆ ಎಲ್ಲರೂ ಒಟ್ಟಿಗೆ ಸುಮ್ಮನಾದದ್ದು. ಬಾರಿಸುವ ಮೊದಲು ಮುದುಕನಿಗೆ ಕೇಳುತ್ತಿದ್ದದ್ದು ಇದು. ಈ ಬದಿಯಿಂದ ಅದು ಎಷ್ಟು ಭಾರ. ಕಾಯುವವರು ಅಷ್ಟು ಜನ, ಅವರಿಗೆ ಬೇಕಾದದ್ದು ಏನೆಂದು ಅವರಿಗೂ ಗೊತ್ತಿಲ್ಲ, ಕೈ ತೊಡೆಯ ಮೇಲೆ ಬೆವರುತ್ತಿದೆ. ಸರ್, ಎಂದ ಅವನು ಬಾಯೊಳಗೆ. ಸುಂದರಿಯಕ್ಕ ಹೇಳಿದ್ದು ಸರಿ, ಆ ಮಾತಿಗೆ ಯಾರೂ ತಿರುಗುವುದಿಲ್ಲ. ಮಾವ ಎಂದರೆ ಸುಳ್ಳು. ಅಜ್ಜ ಎಂದರೆ ಮುದುಕನಿಗೆ ಸಿಟ್ಟು ಬರುತ್ತದೆ. "ಎಂತಕ್ಕೆ ಹಾಗೆ ಹೇಳಿದ್ದು ನೀವು?" ಎಂದ, ಪಿಸುಮಾತಿನಲ್ಲಿ, ಹಲ್ಲುಗಳ ನಡುವಿನಿಂದ. "ಅಷ್ಟು ಜನರ ಎದುರು? ನಾಲ್ಕು ಜನ ಅಂತ ಲೆಕ್ಕ ಹೇಳಿ?" ನಾಲ್ಕು ಜನ. ಮೇಷ್ಟ್ರು, ಹೇಮಶ್ರೀ, ಸುಹೈಬ್. ಅವನು ಬೆರಳು ಮಡಚಿದ. ನಾಲ್ಕನೆಯ ಬೆರಳು, ಅವನದು, ಮಡಚದೆ ಹಾಗೇ ನಿಂತಿತು. ಅದನ್ನು ಅವನು ಇಷ್ಟು ತಿಂಗಳು ಮಡಚಿ ನೋಡಿಯೇ ಇರಲಿಲ್ಲ. ಈಗ ಮಡಚಿ ಆಗಬೇಕಾದದ್ದೂ ಏನಿಲ್ಲ. ಮುದುಕ ಅವನನ್ನು ಕೇಳುವವನೆಂದು ಎಣಿಸಿದ್ದನೋ ಪಿಕಪ್ಪಿನವನೆಂದು ಎಣಿಸಿದ್ದನೋ, ಆ ಸಂಜೆ ಜಗಲಿಯಲ್ಲಿ ಕೂತವನಿಗೆ ಅವೆರಡೂ ಬೇರೆ ಬೇರೆಯಾಗಿರಲಿಲ್ಲ. ಅವ ಬರ್ತಾನೆ, ಎಂದಿದ್ದ. ಇಷ್ಟು ದಿನ ಅವಿನ್‌ಗೆ ಕೇಳುತ್ತಿದ್ದದ್ದು ಫೋನು ತೆವಳುವ ಗುರ್ ಗುರ್. ಈಗ ಅದೇ ಕರೆ ಇನ್ನೊಂದು ತುದಿಯಿಂದ ಕೇಳಿಸಿತು, ಕರೆದವರ ಕಿವಿಯಲ್ಲಿ ಕೇಳುವ ಹಾಗೆ: ಒಂದು ಉದ್ದದ ಸ್ವರ, ಬಿಡುವು, ಅದೇ ಸ್ವರ, ಬಿಡುವು, ಪ್ರತಿ ಬಿಡುವಿನಲ್ಲೂ ಈಗ ಎತ್ತುತ್ತಾನೆ, ಈಗ ಎತ್ತುತ್ತಾನೆ. ಗೇಟಿನ ಕಡೆ ತಿರುಗಿದ ಮುಖ. ಸಿಮೆಂಟು ಮೆತ್ತಿದ ಗಾಡಿಯಲ್ಲಿ ನೆಟ್ಟಣದಿಂದ ಇಲ್ಲಿಗೆ ಬರಲಿಕ್ಕೆ ಎಷ್ಟು ಹೊತ್ತು? ಏನೂ ಇಲ್ಲ, ಒಂದು ಚಾ ಕುಡಿಯುವಷ್ಟು.

ಗಂಟಲಿನಲ್ಲಿ ಮಾತು ಏರಿತು. ಅದರಲ್ಲಿ ಮಾವ ಇರಲಿಲ್ಲ, ಅಜ್ಜ ಇರಲಿಲ್ಲ, ಸರ್ ಕೂಡ ಇರಲಿಲ್ಲ. ಕರೆಯುವುದೆಂದರೆ ಜೋರಾಗಿ ಕರೆಯಬೇಕು, ಅವನು ಜೋರಾಗಿಯೇ ಕರೆದ.

"ಬನ್ನಿ. ಗಾಡಿ ತಂದಿದ್ದೇನೆ."

ಹೊರಗೆ ಯಾರೋ ಉಸಿರೆಳೆದುಕೊಂಡರು. ಅವನು ಅಂಗಳದ ಬಾಗಿಲನ್ನು ಒಳಗಿನಿಂದಲೇ ತೆರೆದ. ಬಿಸಿಲು ಮುಖಕ್ಕೆ ಹೊಡೆಯಿತು. ಬಾಗಿಲು ತಟ್ಟಲಿಕ್ಕೆಂದು ಎತ್ತಿದ ಸುಂದರಿಯಕ್ಕನ ಕೈ ಎತ್ತಿದಲ್ಲೇ ಇತ್ತು, ಹಿಂದೆ ನೆಂಟರು, ಮೇಷ್ಟ್ರು, ಬಾಯಿ ತೆರೆದುಕೊಂಡ ಸುಹೈಬ್. ಹೀಗೆ ಮಾಡಬಾರದು. ಎಲೆ ಇಟ್ಟವನು ಒಳಗಿರಬಾರದು, ಇದ್ದರೂ ಹೀಗೆ ಎದುರು ಬಾಗಿಲಿನಿಂದ ಬರಬಾರದು. ಅವಿನ್ ಯಾರನ್ನೂ ನೋಡಲಿಲ್ಲ. ಹೊಸ್ತಿಲಿನ ಒಂದು ಪಕ್ಕಕ್ಕೆ ಸರಿದು ನಿಂತ, ಮುದುಕನೊಬ್ಬ ಚೌಕಟ್ಟು ಹಿಡಿದು ಕಾಲು ಎತ್ತಿಡುವಷ್ಟು ಹೊತ್ತು. ಆಮೇಲೆ ಅರ್ಧ ಹೆಜ್ಜೆ ಹಿಂದೆ, ಮೊಣಕೈಯ ಕೆಳಗೆ ಅಂಗೈ ಹಿಡಿದ ಹಾಗೆ, ಮುಟ್ಟದೆ, ಮೆಟ್ಟಿಲಿಳಿದ. ಸುಂದರಿಯಕ್ಕ ಎತ್ತಿದ ಕೈಯನ್ನು ಇಳಿಸಲಿಲ್ಲ. ಅದೇ ಕೈಯಿಂದ ಹಿಂದೆ ನಿಂತವರನ್ನು ಸರಿಯಿರಿ ಎಂದರು, ತಾವು ಮೊದಲು ಸರಿದರು. ಕೂಸಪ್ಪಣ್ಣ ತಲೆಗೆ ಸುತ್ತಿದ್ದ ಬೈರಾಸು ತೆಗೆದ. ಅಂಗಳದ ನಡುವೆ ಒಂದು ದಾರಿಯಾಯಿತು, ಖಾಲಿ ದಾರಿ. ಅದರಲ್ಲಿ ಅವನು ಬಹಳ ನಿಧಾನವಾಗಿ ನಡೆದ. ನಡುವೆ ಒಮ್ಮೆ ನಿಂತ, ಉಸಿರು ತೆಗೆದುಕೊಳ್ಳಲಿ ಎಂದು.

ಎಡಬದಿಯ ಬಾಗಿಲು ತೆರೆದು ಹಿಡಿದ. ಪಿಯಾನೋ ಏರಿಸುವಾಗ ಚಾರ್ಜಿಗೆ ಇಟ್ಟಿದ್ದ ಸುಹೈಬ್‌ನ ಫೋನು ಸೀಟಿನ ಮೇಲಿತ್ತು. ಸುಹೈಬ್ ಓಡಿ ಬಂದು ಅದನ್ನು ಎತ್ತಿಕೊಂಡ. ಕಾಲು ಒಳಗೆ, ಬೆನ್ನು ಸೀಟಿಗೆ, ಲುಂಗಿಯ ತುದಿ ಬಾಗಿಲಿಗೆ ಸಿಗದ ಹಾಗೆ. ಅವಿನ್ ಬಾಗಿಲನ್ನು ಮೆಲ್ಲನೆ ಒತ್ತಿ ಹಾಕಿದ.

"ನಾವು?" ಅಂದರು ಮೇಷ್ಟ್ರು. ಅವರ ದನಿ ತಮ್ಮದಲ್ಲದ ಮನೆಗೆ ಬಂದವರ ದನಿ.

"ಹಿಂದೆ ಹತ್ತಿ."

"ಊಟ ಆಗ್ಲಿಲ್ಲ ಸರ್," ಎಂದು ಸುಹೈಬ್ ಪಿಸುಗುಟ್ಟಿದ.

"ಸುಮ್ಮನೆ ಹತ್ತು ಮಾರಾಯ," ಎಂದು ಮೇಷ್ಟ್ರು ಪಂಚೆ ಮೇಲೆತ್ತಿ, ಟಯರಿನ ಮೇಲೆ ಕಾಲಿಟ್ಟು, ಹೇಮಶ್ರೀಗೆ ಕೈ ಕೊಟ್ಟು ಹತ್ತಿಸಿಕೊಂಡರು. ಪಿಯಾನೋದ ಹಗ್ಗ ಹಿಡಿದು ಮೂವರೂ ನಿಂತರು.

ಅವನು ಸುತ್ತಿ ಬಂದು ಕೂತು ಚಾವಿ ತಿರುಗಿಸಿದ. ಇಂಜಿನ್ ಹಿಡಿಯಿತು, ಅದರ ಅದುರಿಗೆ ಹಿಂದೆ ತಂತಿಗಳು ಗುನುಗಿದವು. ಎಡಕ್ಕೆ ನೋಡುವ ಧೈರ್ಯ ಬರಲಿಲ್ಲ. ಸುಂದರಿಯಕ್ಕ ಅವನ ಬದಿಯ ಕಿಟಕಿಯ ಹತ್ತಿರ ಬಂದು, ಅಂಚಿನ ಮೇಲೆ ಮೀನಿನ ಮಸಾಲೆ ಹತ್ತಿದ ಕೈ ಇಟ್ಟು, ಅವನನ್ನಲ್ಲ, ಅವನ ಆಚೆ ನೋಡಿದರು. ತುಂಬ ಹೊತ್ತು ನೋಡಿದರು.

"ಮೆಲ್ಲ ಹೋಗು, ಆಯ್ತಾ," ಅಂದರು. "ತಿರುವಿನಲ್ಲಿ ಅವನಿಗೆ ವಾಂತಿ ಬರ್ತದೆ."